ಎರಡನೆಯ ಸಾಕ್ಷ್ಯಚಿತ್ರ ಮಾಡುವುದು ಹೇಗೆ

ಮೊದಲ ಸಾಕ್ಷ್ಯಚಿತ್ರವನ್ನು ಹುಮ್ಮಸ್ಸೇ ಮಾಡಿಸುತ್ತದೆ. ಗೆಳೆಯರು ಸಂಬಳ ಕೇಳದೆ ಕೆಲಸ ಮಾಡುತ್ತಾರೆ, ಯಾರೋ ಕ್ಯಾಮೆರಾ ಎರವಲು ಕೊಡುತ್ತಾರೆ, ಮನೆಯವರು ಒಂದೆರಡು ವರ್ಷ ಸಹಿಸಿಕೊಳ್ಳುತ್ತಾರೆ. ಎರಡನೆಯದಕ್ಕೆ ಇವು ಯಾವುವೂ ಸಿಗುವುದಿಲ್ಲ. ನಿರ್ದೇಶನಕ್ಕೆ ಇಳಿಯುವ ಮೊದಲು ನಾನು ಹಲವು ವರ್ಷ ಬೇರೆಯವರ ಚಿತ್ರಗಳಿಗೆ ಧ್ವನಿಗ್ರಹಣ ಮಾಡಿದವಳು. ಹೆಡ್‌ಫೋನ್ ಹಾಕಿಕೊಂಡು ಮೂಲೆಯಲ್ಲಿ ನಿಂತವಳಿಗೆ ನಿರ್ದೇಶಕರ ಜಗಳ, ಸಾಲ, ಸುಳ್ಳು ಎಲ್ಲವೂ ಸ್ಪಷ್ಟವಾಗಿ ಕೇಳಿಸುತ್ತವೆ. ಆಗ ಕಂಡ ಪ್ರತಿಭಾವಂತರಲ್ಲಿ ಎಷ್ಟೋ ಮಂದಿ ಒಂದು ಒಳ್ಳೆಯ ಚಿತ್ರ ಮಾಡಿ ಅಲ್ಲಿಗೇ ನಿಂತುಬಿಟ್ಟರು. ಅವರ ಹಣ, ಸ್ನೇಹ, ಹೆಸರು ಮೂರನ್ನೂ ಆ ಒಂದು ಚಿತ್ರವೇ ನುಂಗಿತ್ತು. ಆದ್ದರಿಂದ ನಾನಿಲ್ಲಿ ಹೇಳುವುದೆಲ್ಲ ಒಂದೇ ಪ್ರಶ್ನೆಯ ಸುತ್ತ ಇದೆ: ಈಗ ಮಾಡುತ್ತಿರುವ ಈ ಕೆಲಸ ಮುಗಿದಾಗ, ಮತ್ತೊಂದು ಚಿತ್ರ ಮಾಡಲು ನೀವು ಉಳಿದಿರುತ್ತೀರಾ?

ಯಾವ ಕ್ಯಾಮೆರಾ ಕೊಳ್ಳಬೇಕು ಎನ್ನುವವರಿಗೆ ಮೊದಲೇ ಉತ್ತರಿಸಿಬಿಡುತ್ತೇನೆ. ಕೊಳ್ಳಬೇಡಿ, ಬಾಡಿಗೆಗೆ ತನ್ನಿ. ಫ್ರಾನ್ಸಿನ ನಿರ್ದೇಶಕಿ ಆನ್ಯೆಸ್ ವಾರ್ದಾ ಎಪ್ಪತ್ತು ದಾಟಿದ ಮೇಲೆ ಅಂಗೈಯಲ್ಲಿ ಹಿಡಿಯುವಂಥ ಪುಟ್ಟ ಡಿಜಿಟಲ್ ಕ್ಯಾಮೆರಾ ಹಿಡಿದು ಹೊರಟರು. 2000ರಲ್ಲಿ ಬಂದ ಆ ಚಿತ್ರವನ್ನು ಇಂದಿಗೂ ಜನ ಹುಡುಕಿಕೊಂಡು ನೋಡುತ್ತಾರೆ. ಕ್ಯಾಮೆರಾದ ಸಾಲ ತೀರುವಷ್ಟರಲ್ಲಿ ಆ ಕ್ಯಾಮೆರಾ ಹಳತಾಗಿರುತ್ತದೆ. ಒಳ್ಳೆಯ ಮೈಕ್ ಮಾತ್ರ ಕೊಂಡುಕೊಳ್ಳಿ. ಅದು ದಶಕಗಟ್ಟಲೆ ಬಾಳುತ್ತದೆ.

ಯಾರನ್ನು ಆರಿಸಬೇಕು

ವಲಸೆ, ಹವಾಮಾನ, ವೃದ್ಧಾಪ್ಯ ಎಂಬಂಥವು ಸಂಪಾದಕೀಯಕ್ಕೆ ಸಾಲುವ ವಿಷಯಗಳು. ಚಿತ್ರಕ್ಕೆ ಒಬ್ಬ ವ್ಯಕ್ತಿ ಬೇಕು, ಆ ವ್ಯಕ್ತಿ ಯಾವುದಾದರೊಂದಕ್ಕಾಗಿ ಹಂಬಲಿಸುತ್ತಿರಬೇಕು, ಅದು ಸಿಗುತ್ತದೋ ಇಲ್ಲವೋ ಎಂಬುದು ನಿಮಗೂ ಅವರಿಗೂ ಗೊತ್ತಿರಬಾರದು. ನನ್ನ ಚಿತ್ರಗಳಲ್ಲೊಂದು ನಿವೃತ್ತ ರೈಲು ಚಾಲಕರೊಬ್ಬರ ಕುರಿತದ್ದು. ಹಳೆಯ ಅಪಘಾತವೊಂದರ ವಿಚಾರಣಾ ವರದಿಯಲ್ಲಿ ತಪ್ಪು ತಮ್ಮ ಮೇಲೆ ಬಂದಿದೆ, ಅದನ್ನು ತೆಗೆಸಬೇಕು ಎಂದು ಅವರು ಅರ್ಜಿಯ ಮೇಲೆ ಅರ್ಜಿ ಬರೆಯುತ್ತಿದ್ದರು. ‘ರೈಲ್ವೆ ಸುರಕ್ಷತೆ’ ಎಂಬ ವಿಷಯ ಹಿಡಿದು ಹೋಗಿದ್ದರೆ ಒಂದಿಷ್ಟು ಅಧಿಕಾರಿಗಳ ಸಂದರ್ಶನಗಳು ಸಿಗುತ್ತಿದ್ದವು. ಆ ಅರ್ಜಿಗಳ ಬೆನ್ನು ಹತ್ತಿದ್ದರಿಂದ ಚಿತ್ರ ಸಿಕ್ಕಿತು.

ವ್ಯಕ್ತಿ ಸಿಕ್ಕ ಮೇಲೆ ಒಂದು ಕಾಗದದಲ್ಲಿ ಬರೆದುಕೊಳ್ಳಿ: ಮುಂದಿನ ಒಂದು ವರ್ಷದಲ್ಲಿ ಇವರ ಬದುಕಿನಲ್ಲಿ ಕ್ಯಾಮೆರಾದ ಮುಂದೆ ಬದಲಾಗಬಹುದಾದದ್ದು ಏನು? ಬಾಗಿಲು ಮುಚ್ಚಬಲ್ಲವರು ಯಾರು? ಮಗನೋ, ಮೇಲಧಿಕಾರಿಯೋ, ವಕೀಲರೋ, ಅವರನ್ನು ಮೊದಲ ವಾರದಲ್ಲೇ ಹೋಗಿ ಕಾಣಿ. ಅರ್ಧ ಚಿತ್ರೀಕರಣವಾದ ಮೇಲೆ ಅವರು ಎದುರು ನಿಂತರೆ ನಿಮ್ಮ ಕೈಯಲ್ಲಿ ಏನೂ ಇರುವುದಿಲ್ಲ. ಇನ್ನು ಕೊನೆಯದು, ಇದನ್ನು ಯಾರೂ ಕೇಳಿಕೊಳ್ಳುವುದಿಲ್ಲ: ಈ ಕೆಲಸ ನೀವಂದುಕೊಂಡ ಎರಡು ಪಟ್ಟು ಕಾಲ ಹಿಡಿದರೂ ಇವರ ಜೊತೆ ಕುಳಿತು ಮಾತನಾಡುವ ಆಸೆ ನಿಮಗೆ ಉಳಿದಿರುತ್ತದೆಯೇ? ಆನಂದ್ ಪಟವರ್ಧನ್ 2011ರಲ್ಲಿ ಹೊರತಂದ ಚಿತ್ರಕ್ಕೆ 14 ವರ್ಷ ಚಿತ್ರೀಕರಿಸಿದ್ದರು. 1964ರಲ್ಲಿ ಬ್ರಿಟನ್ನಿನ ಏಳು ವರ್ಷದ ಮಕ್ಕಳನ್ನು ಕುರಿತು ಒಂದೇ ಒಂದು ಟಿವಿ ಕಾರ್ಯಕ್ರಮ ಎಂದು ಶುರುವಾದದ್ದಕ್ಕೆ ಮೈಕಲ್ ಆಪ್ಟೆಡ್ ಸಂಶೋಧಕರಾಗಿ ಸೇರಿದರು. ಆಮೇಲೆ ಪ್ರತಿ ಏಳು ವರ್ಷಕ್ಕೊಮ್ಮೆ ಅದೇ ಜನರ ಬಳಿಗೆ ನಿರ್ದೇಶಕರಾಗಿ ಮರಳುತ್ತ 2019ರವರೆಗೂ ನಡೆದರು. ನಿಮಗೆ ಅಷ್ಟು ತಾಳ್ಮೆ ಬೇಕಿಲ್ಲ, ಆದರೆ ಆರು ತಿಂಗಳ ಲೆಕ್ಕ ಹಾಕಿಕೊಂಡು ಇಳಿಯಬೇಡಿ.

ಮೊದಲ ಭೇಟಿಗಳಿಗೆ ಕ್ಯಾಮೆರಾ ಒಯ್ಯಬೇಡಿ. ಒಂದು ಪುಸ್ತಕ, ಒಂದು ಪೆನ್ನು ಸಾಕು. ಅವರು ಯಾವ ಹೊತ್ತಿಗೆ ಏಳುತ್ತಾರೆ, ಯಾವ ಕುರ್ಚಿಯಲ್ಲಿ ಕೂರುತ್ತಾರೆ, ಬೆಳಕು ಯಾವ ಕಿಟಕಿಯಿಂದ ಬರುತ್ತದೆ, ಯಾರು ಬಂದಾಗ ದನಿ ತಗ್ಗಿಸುತ್ತಾರೆ ಎಂಬುದನ್ನು ಬರೆದುಕೊಳ್ಳಿ. ಚಿತ್ರೀಕರಣದ ದಿನ ಇವೇ ನಿಮ್ಮನ್ನು ಕಾಯುತ್ತವೆ.

ಒಪ್ಪಿಗೆ ಒಂದು ಸಹಿಯಲ್ಲಿ ಮುಗಿಯುವುದಿಲ್ಲ

ಒಪ್ಪಿಗೆ ಪತ್ರವೆಂದರೆ ಸಹಿ ಹಾಕಿಸಿ ಕಡತಕ್ಕೆ ಸೇರಿಸುವ ಕಾಗದ ಎಂದುಕೊಂಡವರೇ ಹೆಚ್ಚು. ಆ ಕಾಗದವಂತೂ ಬೇಕೇ ಬೇಕು. ಅದಿಲ್ಲದೆ ಯಾವ ವಾಹಿನಿಯೂ ಚಿತ್ರವನ್ನು ಮುಟ್ಟುವುದಿಲ್ಲ. ಚಿತ್ರ ಮಾಡುತ್ತಿರುವವರು ಯಾರು, ಅದು ಎಲ್ಲೆಲ್ಲಿ ತೋರಿಸಲ್ಪಡಬಹುದು, ಮಾತುಗಳನ್ನು ಕತ್ತರಿಸಿ ಜೋಡಿಸಲಾಗುತ್ತದೆ, ಹಣ ಕೊಡಲಾಗುತ್ತದೆಯೋ ಇಲ್ಲವೋ, ತಕರಾರಿದ್ದರೆ ಯಾರನ್ನು ಕೇಳಬೇಕು ಎಂಬಿಷ್ಟೂ ಅದರಲ್ಲಿರಲಿ. ಅವರಿಗೆ ಬರುವ ಭಾಷೆಯಲ್ಲೇ ಇರಲಿ. ಓದಲು ಬಾರದವರಿಗೆ ಓದಿ ಹೇಳಿ, ಅವರು ಒಪ್ಪುವುದನ್ನು ಕ್ಯಾಮೆರಾದಲ್ಲಿ ದಾಖಲಿಸಿ. ಮಕ್ಕಳಾದರೆ ಪೋಷಕರ ಸಹಿಯ ಜೊತೆಗೆ ಮಗುವನ್ನೂ ಕೇಳಿ. ಮಗು ಬೇಡವೆಂದರೆ ಅಪ್ಪ ಅಮ್ಮನ ಸಹಿ ಇದ್ದರೂ ಬೇಡ.

ಆಸ್ಪತ್ರೆ, ಶಾಲೆ, ಜೈಲಿನಂಥ ಕಡೆ ಸಂಸ್ಥೆಯ ಅನುಮತಿಯೇ ಬೇರೆ, ಅಲ್ಲಿನ ಜನರ ಅನುಮತಿಯೇ ಬೇರೆ. ಕಾನೂನು ಓದಿ, ಕಾನೂನು ಕಲಿಸಿ, ಆಮೇಲೆ ಚಿತ್ರಕ್ಕೆ ಬಂದ ಫ್ರೆಡರಿಕ್ ವೈಸ್‌ಮನ್ ಅವರಂಥವರೂ ಇದರಲ್ಲಿ ಸಿಕ್ಕಿಕೊಂಡರು. ಅಮೆರಿಕದ ಮ್ಯಾಸಚೂಸೆಟ್ಸ್‌ನಲ್ಲಿ ಮಾನಸಿಕ ಅಸ್ವಸ್ಥ ಕೈದಿಗಳನ್ನು ಇರಿಸುತ್ತಿದ್ದ ಸಂಸ್ಥೆಯೊಳಗೆ ಅಧಿಕಾರಿಗಳ ಅನುಮತಿ ಪಡೆದೇ ಅವರು ಚಿತ್ರೀಕರಿಸಿದ್ದರು. ಚಿತ್ರ 1967ರಲ್ಲಿ ಸಿದ್ಧವಾಯಿತು. ಕೈದಿಗಳ ಖಾಸಗಿತನದ ಪ್ರಶ್ನೆ ಮುಂದಿಟ್ಟು ರಾಜ್ಯ ನ್ಯಾಯಾಲಯಕ್ಕೆ ಹೋಯಿತು. ವೈದ್ಯರು, ವಕೀಲರು, ವಿದ್ಯಾರ್ಥಿಗಳಂಥವರಿಗೆ ಮಾತ್ರ ತೋರಿಸಬಹುದೆಂಬ ನಿರ್ಬಂಧ ತೆರವಾಗಿ ಸಾರ್ವಜನಿಕರು ನೋಡುವಂತಾದದ್ದು 1991ರಲ್ಲಿ. ರಾಜ್ಯಕ್ಕೆ ಕೈದಿಗಳ ಮಾನಕ್ಕಿಂತ ತನ್ನ ಮಾನದ ಚಿಂತೆ ಹೆಚ್ಚಾಗಿತ್ತೆಂದು ನನಗನ್ನಿಸುತ್ತದೆ. ಆದರೂ ನಿಮ್ಮ ಬಳಿ ಪ್ರತಿಯೊಬ್ಬರ ಒಪ್ಪಿಗೆ ಇದ್ದರೆ ಅಂಥ ನೆಪ ಯಾರಿಗೂ ಸಿಗುವುದಿಲ್ಲ.

ಇನ್ನು ಕಾಗದದ ಆಚೆಗಿನದು. ಒಪ್ಪಿಗೆಯನ್ನು ನಾನು ಮೂರು ಸಲ ಕೇಳುತ್ತೇನೆ: ಶುರುವಿನಲ್ಲಿ, ಕಷ್ಟದ ದೃಶ್ಯವೊಂದನ್ನು ಚಿತ್ರೀಕರಿಸಿದ ಮಾರನೆಯ ದಿನ, ಮತ್ತು ರಫ್ ಕಟ್, ಅಂದರೆ ಸಂಕಲನದ ಮೊದಲ ಕರಡು ರೂಪ, ತೋರಿಸಿದ ಮೇಲೆ. ಆ ರೈಲು ಚಾಲಕರ ವಿಚಾರವನ್ನೇ ಹೇಳುತ್ತೇನೆ. ದಶಕಗಟ್ಟಲೆ ಎಂಜಿನ್ನಿನ ಸದ್ದಿನಲ್ಲಿದ್ದು ಅವರ ಕಿವಿ ಮಂದವಾಗಿತ್ತು, ಶ್ರವಣಯಂತ್ರ ಹಾಕಿಕೊಳ್ಳುತ್ತಿದ್ದರು. ಅಪಘಾತದ ರಾತ್ರಿಯ ಬಗ್ಗೆ ಮಗಳು ಏನಾದರೂ ಕೇಳಿದಾಗಲೆಲ್ಲ ಅವರು ತಲೆ ಸವರಿಕೊಳ್ಳುವವರಂತೆ ಬಲಗೈ ಎತ್ತುತ್ತಿದ್ದರು, ಒಂದು ಗಳಿಗೆ ಬಿಟ್ಟು ಮುಗುಳ್ನಕ್ಕು ‘ಏನಂದೆಯಮ್ಮ?’ ಎನ್ನುತ್ತಿದ್ದರು. ಮಗಳು ಜೋರಾಗಿ ಇನ್ನೊಮ್ಮೆ ಕೇಳಿ, ಉತ್ತರ ಬಾರದೆ, ಬೇರೆ ಮಾತಿಗೆ ಹೊರಳುತ್ತಿದ್ದಳು. ಕಣ್ಣಿಗೆ ಇದರಲ್ಲಿ ವಿಶೇಷವೇನೂ ಕಾಣುತ್ತಿರಲಿಲ್ಲ. ನನ್ನ ಹೆಡ್‌ಫೋನಿಗೆ ಕೇಳಿಸಿತು. ಶ್ರವಣಯಂತ್ರದ ಹತ್ತಿರಕ್ಕೆ ಕೈ ಹೋದರೆ ಅದು ಸಣ್ಣಗೆ ಶಿಳ್ಳೆ ಹಾಕುತ್ತದೆ. ಅವರ ಅಂಗಿಯ ಕಾಲರ್ ಮೈಕಿನಲ್ಲಿ ಆ ಶಿಳ್ಳೆ ಏಳುತ್ತಿತ್ತು, ಮರುಕ್ಷಣ ಥಟ್ಟನೆ ಕಡಿದು ಹೋಗುತ್ತಿತ್ತು. ಕೈ ದೂರ ಸರಿಯುವ ಮೊದಲೇ. ಅವರು ಯಂತ್ರವನ್ನು ಆರಿಸುತ್ತಿದ್ದರು.

ಸಂಕಲನದ ಮೇಜಿನಲ್ಲಿ ಇಂಥದ್ದು ಸಿಕ್ಕರೆ ಯಾವ ನಿರ್ದೇಶಕರೂ ಬಿಡುವುದಿಲ್ಲ. ಆದರೆ ಅದನ್ನು ಚಿತ್ರದಲ್ಲಿಟ್ಟರೆ, ಅಪ್ಪ ಇಷ್ಟು ವರ್ಷ ತನ್ನ ಮಾತಿಗೆ ಕಿವಿ ಮುಚ್ಚಿಕೊಳ್ಳುತ್ತಿದ್ದರೆಂಬುದು ಮಗಳಿಗೆ ಪರದೆಯ ಮೇಲೆ, ಅಪರಿಚಿತರ ನಡುವೆ ಕುಳಿತಿರುವಾಗ ತಿಳಿಯುತ್ತದೆ. ರಫ್ ಕಟ್ ಅನ್ನು ಮೊದಲು ಅವರೊಬ್ಬರಿಗೇ ತೋರಿಸಿದೆ. ಆ ದೃಶ್ಯ ಬಂದಾಗ ಅವರು ನಕ್ಕರು. ‘ಇರಲಿ ಬಿಡಿ, ಅವಳಿಗೆ ನಾನೇ ಹೇಳುತ್ತೇನೆ’ ಎಂದರು, ಹೇಳಿದರು ಕೂಡ. ಅವರು ತೆಗೆಯಿರಿ ಎಂದದ್ದು ಬೇರೆಯೇ ಒಂದು ಶಾಟ್: ಮೇಜಿನ ಮೇಲಿನ ಮಾತ್ರೆಗಳ ಡಬ್ಬಿ, ಹೆಚ್ಚೆಂದರೆ ಮೂರು ಸೆಕೆಂಡ್. ಅದನ್ನು ನಾನು ಎರಡನೆಯ ಸಲ ನೋಡಿಯೂ ಇರಲಿಲ್ಲ. ಯಾವುದು ಯಾರಿಗೆ ನೋವು ಕೊಡುತ್ತದೆಂದು ನಿರ್ದೇಶಕರು ಊಹಿಸಿ ತೀರ್ಮಾನಿಸುವುದು ದೊಡ್ಡ ಅಹಂಕಾರ. ಕೇಳಿ ತಿಳಿಯಬೇಕು.

ಕೇಳುವಾಗ ಒಂದು ಮಾತನ್ನು ಮೊದಲೇ ಹೇಳಿರಬೇಕು: ಆಕ್ಷೇಪಗಳನ್ನೆಲ್ಲ ಆಲಿಸುತ್ತೇನೆ, ಕೊನೆಯ ನಿರ್ಧಾರ ನನ್ನದು. ಆರೋಗ್ಯ, ಮಕ್ಕಳು, ಜೀವಭಯ ಇವುಗಳ ಬಗ್ಗೆ ಯಾರು ಏನೇ ಹೇಳಿದರೂ ವಾದವಿಲ್ಲದೆ ತೆಗೆಯುತ್ತೇನೆ. ‘ನನ್ನ ಕೂದಲು ಕೆದರಿದೆ’ ಎಂದರೆ ತೆಗೆಯುವುದಿಲ್ಲ. ಚಿತ್ರದಲ್ಲಿರುವವರಿಗೇ ಚಿತ್ರ ತೋರಿಸುವ ಈ ಕ್ರಮ ಹೊಸದಲ್ಲ. ಫ್ರಾನ್ಸಿನ ಜಾನ್ ರೂಶ್ ಮತ್ತು ಎಡ್ಗರ್ ಮೊರಾನ್ 1960ರ ಬೇಸಿಗೆಯಲ್ಲಿ ಪ್ಯಾರಿಸ್ಸಿನವರನ್ನು ಚಿತ್ರೀಕರಿಸಿ, ಅವರಿಗೇ ತೋರಿಸಿ, ಅವರ ಚರ್ಚೆಯನ್ನೂ ಚಿತ್ರದೊಳಗೆ ಸೇರಿಸಿದರು. ಕೆಲವರಿಗೆ ಅದು ಕೃತಕವೆನಿಸಿತು, ಕೆಲವರಿಗೆ ಮಿತಿಮೀರಿ ಬೆತ್ತಲೆಯೆನಿಸಿತು. ಎಲ್ಲರನ್ನೂ ಮೆಚ್ಚಿಸುವ ಆಸೆ ಇಟ್ಟುಕೊಂಡು ತೋರಿಸಬೇಡಿ.

ಕಥೆಗೆ ಬೆಲೆ ಕಟ್ಟಿ ಹಣ ಕೊಡುವುದು ನನಗೆ ಸರಿ ಕಾಣುವುದಿಲ್ಲ. ಕೊಟ್ಟ ಹಣಕ್ಕೆ ತಕ್ಕ ಮಾತನ್ನು ಅವರು ಹುಡುಕತೊಡಗುತ್ತಾರೆ. ಆದರೆ ನಿಮಗಾಗಿ ದಿನದ ಕೂಲಿ ಬಿಟ್ಟವರಿಗೆ ಆ ಕೂಲಿಯನ್ನು, ಪ್ರಯಾಣದ ಖರ್ಚನ್ನು ಕೊಡದೆ ಬರಬಾರದು.

ಚಿತ್ರೀಕರಣ, ಧ್ವನಿ, ಹಾರ್ಡ್ ಡಿಸ್ಕ್

16 ಎಂಎಂ ಫಿಲ್ಮಿನ 400 ಅಡಿ ಸುರುಳಿ ಸುಮಾರು 11 ನಿಮಿಷ ಓಡುತ್ತಿತ್ತು. ಯಾವಾಗ ಗುಂಡಿ ಒತ್ತಬೇಕು ಎಂಬುದೇ ಆಗ ನಿರ್ದೇಶನವಾಗಿತ್ತು. ಈಗ ಮೆಮೊರಿ ಕಾರ್ಡು ಇಡೀ ದಿನ ನುಂಗುತ್ತದೆ, ಆ ಇಡೀ ದಿನವನ್ನು ಸಂಕಲನದಲ್ಲಿ ನೀವೇ ಕಕ್ಕಬೇಕು. ಶಾಟ್ ಶುರು ಮಾಡಿದರೆ ಕನಿಷ್ಠ ಹತ್ತು ಸೆಕೆಂಡ್ ಅಲುಗಾಡದೆ ಹಿಡಿಯಿರಿ. ಮಾತನಾಡುವವರ ಮುಖದಷ್ಟೇ ಕೇಳುತ್ತಿರುವವರ ಮುಖವನ್ನೂ ತೆಗೆಯಿರಿ. ಜನ ಕೋಣೆಗೆ ಬರುವುದನ್ನೂ ಹೋಗುವುದನ್ನೂ ಹಿಡಿಯಿರಿ, ದೃಶ್ಯ ಕಟ್ಟುವಾಗ ಇವಿಲ್ಲದಿದ್ದರೆ ಸಂಕಲನಕಾರರು ನಿಮ್ಮನ್ನು ಶಪಿಸುತ್ತಾರೆ.

ಧ್ವನಿಯ ಬಗ್ಗೆ ನನಗೆ ಪಕ್ಷಪಾತವಿದೆ, ಮುಚ್ಚಿಡುವುದಿಲ್ಲ. ಮಸುಕಾದ ಚಿತ್ರವನ್ನು ಪ್ರೇಕ್ಷಕರು ಕ್ಷಮಿಸುತ್ತಾರೆ, ಕೇಳಿಸದ ಮಾತನ್ನು ಕ್ಷಮಿಸುವುದಿಲ್ಲ. ಕಾಲರ್ ಮೈಕ್ ಮತ್ತು ಕೋಲಿನ ತುದಿಗೆ ಕಟ್ಟಿ ಹಿಡಿಯುವ ಬೂಮ್ ಮೈಕ್ ಎರಡನ್ನೂ ಬೇರೆ ಬೇರೆ ಟ್ರ್ಯಾಕಿನಲ್ಲಿ ದಾಖಲಿಸಿ. ಕಾಲರ್ ಮೈಕಿಗೆ ಬಟ್ಟೆಯ ಸರಸರ ತಾಗಿದಾಗ ಬೂಮ್ ಕಾಪಾಡುತ್ತದೆ. ರೆಕಾರ್ಡರಿನಲ್ಲಿ 48 ಕಿಲೋಹರ್ಟ್ಸ್, 24 ಬಿಟ್ ಇಟ್ಟುಕೊಳ್ಳಿ, ಮಾತಿನ ಏರು ಮೈನಸ್ 12 ಡೆಸಿಬಲ್‌ನ ಸುತ್ತ ಇರಲಿ. ಸಂದರ್ಶನಕ್ಕೆ ಮೊದಲು ಫ್ರಿಜ್ ಆರಿಸಿ, ಎದ್ದು ಹೋಗುವಾಗ ಮರೆಯದೆ ಮತ್ತೆ ಹಾಕಿ. ಪ್ರತಿ ಜಾಗದಲ್ಲೂ ಎಲ್ಲರನ್ನೂ ಸುಮ್ಮನಿರಿಸಿ ಒಂದು ನಿಮಿಷ ಆ ಕೋಣೆಯ ಬರಿಯ ಸದ್ದನ್ನು ದಾಖಲಿಸಿಕೊಳ್ಳಿ. ಮಾತಿನ ನಡುವೆ ಕತ್ತರಿಸಿದ ತೂತುಗಳನ್ನು ಮುಚ್ಚಲು ಅದೇ ಬೇಕು. ಹೆಡ್‌ಫೋನ್ ಹಾಕಿಕೊಳ್ಳದ ನಿರ್ದೇಶಕರು ತಮ್ಮ ಚಿತ್ರದ ಅರ್ಧವನ್ನು ಮಾತ್ರ ನೋಡುತ್ತಿರುತ್ತಾರೆ.

ರಾತ್ರಿ ಎಷ್ಟೇ ದಣಿವಾಗಿದ್ದರೂ ಆ ದಿನದ ಫೂಟೇಜ್ ಅನ್ನು ಮೂರು ಪ್ರತಿ ಮಾಡಿ: ಎರಡು ಬೇರೆ ಬೇರೆ ಹಾರ್ಡ್ ಡಿಸ್ಕಿನಲ್ಲಿ, ಮೂರನೆಯದು ಬೇರೊಂದು ಕಟ್ಟಡದಲ್ಲಿ. ಪ್ರತಿಗಳು ಸರಿಯಾಗಿವೆಯೇ ಎಂದು ತಾಳೆ ನೋಡುವ ತಂತ್ರಾಂಶಗಳಿವೆ. ಅದು ಸರಿ ಎನ್ನುವವರೆಗೆ ಕಾರ್ಡನ್ನು ಫಾರ್ಮ್ಯಾಟ್ ಮಾಡಕೂಡದು. ಈ ವಿಷಯದಲ್ಲಿ ರಾಬರ್ಟ್ ಫ್ಲಾಹರ್ಟಿಯನ್ನು ನೆನಪಿಸಿಕೊಳ್ಳಬೇಕು. ಉತ್ತರ ಧ್ರುವದ ಕಡೆಯ ಇನ್ಯುಯಿಟ್ ಜನರ ನಡುವೆ ತಾನು ತೆಗೆದ ಫಿಲ್ಮಿನ ನೆಗೆಟಿವ್ ಮೇಲೆ 1916ರಲ್ಲಿ ಸಿಗರೇಟಿನ ಕಿಡಿ ಬಿದ್ದು ಎಲ್ಲ ಸುಟ್ಟುಹೋಯಿತು. ತುಪ್ಪಳದ ವ್ಯಾಪಾರ ಮಾಡುವ ಕಂಪನಿಯೊಂದರಿಂದ ಹಣ ಹೊಂದಿಸಿಕೊಂಡು ಆತ ಮರಳಿ ಹೋದ, 1922ರಲ್ಲಿ ಆ ಕಾಲದ ಅತ್ಯಂತ ಪ್ರಸಿದ್ಧ ಸಾಕ್ಷ್ಯಚಿತ್ರ ಬಂತು. ಹೋದಾಗ ಬಾಗಿಲು ತೆರೆಯುವ ಜನ ಅಲ್ಲಿದ್ದರೆಂಬುದೇ ಅವನ ಅದೃಷ್ಟ. ಅದೇ ಚಿತ್ರದಲ್ಲಿ ಬೆಳಕಿಗಾಗಿ ಇಗ್ಲುವನ್ನು ಅರ್ಧಕ್ಕೆ ಕತ್ತರಿಸಿ ಒಳಗಿನ ದೃಶ್ಯ ತೆಗೆದದ್ದರ ಬಗ್ಗೆ ಇಂದಿಗೂ ಜಗಳವಿದೆ. ಮತ್ತೆ ಮಾಡಿಸಿ ತೆಗೆದ ದೃಶ್ಯವಿದ್ದರೆ, ಅದು ಹಾಗೆಂದು ಪ್ರೇಕ್ಷಕರಿಗೆ ತಿಳಿಯುವಂತಿರಲಿ.

ಸಂಕಲನ

ಮಾತುಗಳನ್ನೆಲ್ಲ ಅಕ್ಷರಕ್ಕಿಳಿಸಿ, ಯಾವ ಮಾತು ಫೂಟೇಜಿನ ಯಾವ ಕ್ಷಣದಲ್ಲಿದೆ ಎಂದು ತೋರಿಸುವ ಟೈಮ್‌ಕೋಡ್ ಸಹಿತ. ಯಂತ್ರ ಮಾಡಿಕೊಡುತ್ತದೆ, ಆದರೆ ತಿದ್ದುವ ಕೆಲಸ ನಿಮ್ಮದೇ ಆಗಿರಲಿ. ತಿದ್ದುತ್ತ ತಿದ್ದುತ್ತ ಚಿತ್ರ ತಲೆಯಲ್ಲಿ ಕೂರುತ್ತದೆ. ಸಾಧ್ಯವಿದ್ದರೆ ಸಂಕಲನಕ್ಕೆ ಬೇರೆಯವರನ್ನು ಹಿಡಿಯಿರಿ. ಆ ಶಾಟ್‌ಗಾಗಿ ನೀವು ಮಳೆಯಲ್ಲಿ ನೆನೆದದ್ದು ಅವರಿಗೆ ಗೊತ್ತಿಲ್ಲ, ಗೊತ್ತಿರಲೂಬಾರದು. ದೃಶ್ಯಗಳನ್ನು ಸುಮ್ಮನೆ ಸಾಲಾಗಿ ಜೋಡಿಸಿದ ಅಸೆಂಬ್ಲಿ, ಆಮೇಲೆ ರಫ್ ಕಟ್, ಕೊನೆಗೆ ನಯಗೊಳಿಸಿದ ಫೈನ್ ಕಟ್ ಎಂದು ಹಂತ ಹಂತವಾಗಿ ಬನ್ನಿ. ರಫ್ ಕಟ್ ಅನ್ನು ಕಥೆ ಗೊತ್ತಿಲ್ಲದ ನಾಲ್ಕಾರು ಜನರಿಗೆ ತೋರಿಸಿ, ‘ಹೇಗಿದೆ’ ಎಂದು ಮಾತ್ರ ಕೇಳಬೇಡಿ. ಎಲ್ಲರೂ ಚೆನ್ನಾಗಿದೆ ಎನ್ನುತ್ತಾರೆ. ‘ಯಾರು ಯಾರಿಗೆ ಏನಾಗಬೇಕು, ನಡುವೆ ಏನಾಯಿತು, ಹೇಳಿ’ ಎನ್ನಿ. ಅವರು ತಡವರಿಸಿದ ಕಡೆಯೇ ನಿಮ್ಮ ಕೆಲಸ ಬಾಕಿಯಿದೆ.

ಉದ್ದವನ್ನು ಮೊದಲೇ ಯೋಚಿಸಿ. 40 ನಿಮಿಷದವರೆಗಿನದನ್ನು ಆಸ್ಕರ್ ನಿಯಮ ಕಿರುಚಿತ್ರವೆನ್ನುತ್ತದೆ. ಬಹಳಷ್ಟು ಟಿವಿ ವಾಹಿನಿಗಳ ಒಂದು ಗಂಟೆಯ ಜಾಗಕ್ಕೆ 52 ನಿಮಿಷ ಹೊಂದುತ್ತದೆ. ಪೂರ್ಣ ಪ್ರಮಾಣದ್ದು 70ರಿಂದ 90. ನಡುವೆ ಎಲ್ಲೋ 61 ನಿಮಿಷಕ್ಕೆ ಮುಗಿದ ಚಿತ್ರ ಎಷ್ಟೇ ಸೊಗಸಾಗಿದ್ದರೂ ತಬ್ಬಲಿ.

ಹಣ, ಹಕ್ಕು, ಹೊಟ್ಟೆಪಾಡು

ಎರಡನೆಯ ಚಿತ್ರದ ಹಣೆಬರಹ ನಿರ್ಧಾರವಾಗುವುದು ಇಲ್ಲಿ. ಬಜೆಟ್ ಬರೆಯುವಾಗ ನಿಮ್ಮ ಸಂಭಾವನೆಯನ್ನು ಬರೆಯಿರಿ. ಹಣ ಕೊಡುವವರು ಕಡಿತ ಮಾಡಿದರೂ ಆ ಸಾಲು ಅಲ್ಲಿರಲಿ. ನಿರ್ದೇಶಕರು ಪುಕ್ಕಟೆ ದುಡಿಯುತ್ತಾರೆ ಎಂಬ ರೂಢಿ ಬೆಳೆದದ್ದೇ ನಾವು ಆ ಸಾಲನ್ನು ಬಿಟ್ಟು ಬಿಟ್ಟು. ಹಳೆಯ ದೃಶ್ಯಾವಳಿಯ ಪರವಾನಗಿ, ಸಂಗೀತದ ಹಕ್ಕು, ವಕೀಲರ ಶುಲ್ಕ, ವಿಮೆ, ಬಣ್ಣ ತಿದ್ದುವಿಕೆ, ಧ್ವನಿ ಮಿಶ್ರಣ, ಸಬ್‌ಟೈಟಲ್, ಚಿತ್ರಮಂದಿರಕ್ಕೆ ಬೇಕಾದ ಡಿಜಿಟಲ್ ಪ್ರತಿ (ಡಿಸಿಪಿ), ಚಿತ್ರೋತ್ಸವಗಳ ಪ್ರವೇಶ ಶುಲ್ಕ ಇವೆಲ್ಲವನ್ನೂ ಸೇರಿಸಿ, ಮೇಲೆ ಶೇಕಡ 10 ಅನಿರೀಕ್ಷಿತಕ್ಕೆ ಇಡಿ. ಸಂಗೀತಕ್ಕೆ ಎರಡು ಹಕ್ಕುಗಳಿವೆ, ರಚನೆಯದು ಒಂದು, ಧ್ವನಿಮುದ್ರಣದ್ದು ಇನ್ನೊಂದು. ಹಿನ್ನೆಲೆಯಲ್ಲಿ ರೇಡಿಯೊ ಹಾಡುತ್ತಿದ್ದರೂ ಎರಡೂ ಬೇಕಾಗಬಹುದು. ಅದಕ್ಕೇ, ರೇಡಿಯೊ ಆರಿಸಬಹುದೇ ಎಂದು ವಿನಯದಿಂದ ಕೇಳಿ.

ಅನುದಾನದ ಅರ್ಜಿಗೆ ಒಂದು ವಾಕ್ಯದ ಸಾರ, ಒಂದು ಪುಟದ ಕಥೆ, ಹೇಗೆ ಚಿತ್ರೀಕರಿಸುತ್ತೀರೆಂಬ ವಿವರ, ನೀವೇ ಯಾಕೆ ಇದನ್ನು ಮಾಡಬೇಕೆಂಬ ಟಿಪ್ಪಣಿ, ಬಜೆಟ್, ವೇಳಾಪಟ್ಟಿ, ಮತ್ತು ಮೂರರಿಂದ ಐದು ನಿಮಿಷದ ದೃಶ್ಯಗಳು ಬೇಕು. ಇದರಲ್ಲಿ ಸೋಲುವುದು ಹೆಚ್ಚಾಗಿ ಕೊನೆಯದರಲ್ಲಿ. ಸಂಗೀತ ಸುರಿದು ಟ್ರೇಲರ್ ಮಾಡುತ್ತಾರೆ. ಆಯ್ಕೆ ಮಾಡುವವರಿಗೆ ಬೇಕಾದದ್ದು ನಿಮಗೆ ಒಳಗೆ ಪ್ರವೇಶವಿದೆಯೇ ಎಂಬುದರ ಪುರಾವೆ. ಕತ್ತರಿಸದ ಒಂದು ಒಳ್ಳೆಯ ದೃಶ್ಯ ಹತ್ತು ಟ್ರೇಲರ್‌ಗಳನ್ನು ಮೀರಿಸುತ್ತದೆ.

ಸಾಕ್ಷ್ಯಚಿತ್ರಗಳದ್ದೇ ಆದ ಉತ್ಸವಗಳಿವೆ: ಲೈಪ್‌ಜಿಗ್‌ನದು 1955ರಿಂದ, ಸ್ವಿಟ್ಜರ್ಲೆಂಡಿನ ನಿಯಾನ್‌ನದು 1969ರಿಂದ, ಆಮ್‌ಸ್ಟರ್‌ಡ್ಯಾಮಿನ ಇಡ್ಫಾ 1988ರಿಂದ, ಎರಡು ವರ್ಷಕ್ಕೊಮ್ಮೆ ನಡೆಯುವ ಜಪಾನಿನ ಯಮಗಾತಾ 1989ರಿಂದ, ಟೊರಾಂಟೊದ ಹಾಟ್ ಡಾಕ್ಸ್ 1993ರಿಂದ. ಇಡ್ಫಾದ ಬರ್ತಾ ನಿಧಿ ಏಷ್ಯಾ, ಆಫ್ರಿಕಾ, ಲ್ಯಾಟಿನ್ ಅಮೆರಿಕದಂಥ ಕಡೆಯ ನಿರ್ದೇಶಕರಿಗೆಂದೇ ಇದೆ. ಉತ್ಸವಗಳು ಮೊದಲ ಪ್ರದರ್ಶನದ ಬಗ್ಗೆ ಬಹಳ ಬಿಗಿ. ಗೆಳೆಯರು ನೋಡಲಿ ಎಂದು ಚಿತ್ರವನ್ನು ಅಂತರ್ಜಾಲದಲ್ಲಿ ಎಲ್ಲರಿಗೂ ತೆರೆದಿಟ್ಟರೆ ಎಷ್ಟೋ ಬಾಗಿಲುಗಳು ಆ ದಿನವೇ ಮುಚ್ಚುತ್ತವೆ.

ಯಾರಾದರೂ ಚಿತ್ರ ಕೊಳ್ಳಲು ಬಂದರೆ, ಕೊಳ್ಳುವುದು ಏನನ್ನು ಎಂದು ನೋಡಿ. ಯಾವ ದೇಶಗಳಿಗೆ, ಎಷ್ಟು ವರ್ಷಕ್ಕೆ, ಯಾವ ಮಾಧ್ಯಮಕ್ಕೆ ಎಂದು ಮೂರನ್ನೂ ಬರೆದ ಪರವಾನಗಿ ಕೊಡಿ. ‘ಎಲ್ಲ ಹಕ್ಕುಗಳು, ಎಂದೆಂದಿಗೂ’ ಎಂಬ ಸಾಲು ಕಂಡರೆ ಪೆನ್ನು ಕೆಳಗಿಡಿ. ಬಳಸದೆ ಉಳಿದ ಫೂಟೇಜ್ ನಿಮ್ಮದೇ ಎಂದೂ ಬರೆಸಿಕೊಳ್ಳಿ, ಕಾಲ ಕಳೆದಂತೆ ಅದರ ಬೆಲೆ ಏರುತ್ತದೆ. ವೈಸ್‌ಮನ್ 1971ರಲ್ಲೇ ತಮ್ಮದೇ ವಿತರಣಾ ಸಂಸ್ಥೆ ಕಟ್ಟಿಕೊಂಡು ಶಾಲೆ, ಗ್ರಂಥಾಲಯಗಳಿಗೆ ಚಿತ್ರಗಳನ್ನು ತಾವೇ ಮುಟ್ಟಿಸಿದರು. ಅಷ್ಟು ದೀರ್ಘ ವೃತ್ತಿಜೀವನಕ್ಕೆ ಪ್ರಶಸ್ತಿಗಳಿಗಿಂತ ಈ ನಿರ್ಧಾರವೇ ಹೆಚ್ಚು ಕಾರಣವೆಂದು ನಾನು ನಂಬಿದ್ದೇನೆ.

ಇಷ್ಟಾದರೂ ಸಾಕ್ಷ್ಯಚಿತ್ರದ ಆದಾಯದಿಂದಲೇ ಮನೆ ನಡೆಯುವುದು ಅಪರೂಪ. ಜೊತೆಗೊಂದು ಕಸುಬು ಇಟ್ಟುಕೊಳ್ಳಿ. ಧ್ವನಿಗ್ರಹಣವನ್ನು ನಾನು ಇಂದಿಗೂ ಬಿಟ್ಟಿಲ್ಲ, ಅದಕ್ಕೆ ನಾಚಿಕೆಯೂ ಇಲ್ಲ. ಸಂಕಲನ, ಪಾಠ ಹೇಳುವುದು, ಅನುವಾದ, ಸಬ್‌ಟೈಟಲ್ ಬರೆಯುವುದು, ಯಾವುದಾದರೂ ಸರಿ. ಬೇಕಾದಾಗ ಹಿಡಿದು ಬೇಡದಾಗ ಬಿಡುವಂತಿರಬೇಕು ಅಷ್ಟೆ. ಮನೆಯ ಮೇಲೆ ಮಾತ್ರ ಸಾಲ ತೆಗೆಯಬೇಡಿ, ಚಿತ್ರ ಎಷ್ಟೇ ಮುಖ್ಯವೆನಿಸಿದರೂ. ಸಂಗಡಿಗರಿಗೆ ಸಂಬಳ ಕೊಡಲಾಗದಿದ್ದರೆ ಆದಾಯದಲ್ಲಿ ಎಷ್ಟು ಪಾಲೆಂದು ಕಾಗದದಲ್ಲಿ ಬರೆದು ಸಹಿ ಹಾಕಿ ಕೊಡಿ. ಬಾಯಿಮಾತಿನ ಭರವಸೆಯಿಂದ ಒಡೆದ ತಂಡಗಳನ್ನು ನಾನು ಬೇಕಾದಷ್ಟು ನೋಡಿದ್ದೇನೆ.

ಉತ್ಸವಗಳ ಉತ್ತರಕ್ಕೆ ಕಾಯುವ ತಿಂಗಳುಗಳಲ್ಲಿ ಮಿಂಚಂಚೆ ತೆರೆದು ತೆರೆದು ನೋಡುತ್ತ ಕೂರಬೇಡಿ, ಮುಂದಿನ ವ್ಯಕ್ತಿಯನ್ನು ಹುಡುಕಿಕೊಂಡು ಹೊರಡಿ. ಮೊದಲ ಪ್ರದರ್ಶನ ಮುಗಿದು ಹೊರಬಂದಾಗ ಹಣ ಕೊಡಬಲ್ಲವರು ಯಾರಾದರೂ ಕೈಕುಲುಕಿ ‘ಮುಂದೇನು ಮಾಡುತ್ತಿದ್ದೀರಿ?’ ಎಂದು ಕೇಳುತ್ತಾರೆ. ಆ ಆಸಕ್ತಿ ಒಂದೆರಡು ವಾರ ಮಾತ್ರ ಇರುತ್ತದೆ. ಆಗ ನಿಮ್ಮ ಚೀಲದಲ್ಲಿ ಎರಡು ಪುಟದ ಟಿಪ್ಪಣಿ, ಫೋನಿನಲ್ಲಿ ಹೊಸ ವ್ಯಕ್ತಿಯ ಮೂರು ನಿಮಿಷದ ಒಂದು ದೃಶ್ಯ, ಅದಕ್ಕೆ ಅವರ ಒಪ್ಪಿಗೆ ಇರಬೇಕು.